ಹೊಗೆ ಪೈಪ್ ಪಕ್ಕದ ಪಕಾಸು: ಬೆಂಕಿ ತಾಗದೇ ಮರ ಹೊತ್ಕೊಳ್ಳೋದು ಹೇಗೆ?

ಈ ಮಳೆಗಾಲದಲ್ಲಿ ಶಿರಸಿ ಹತ್ರ ನಮ್ಮ ಭಾವನ ಮನೇಲಿ ಒಂದು ರಾತ್ರಿ ಹನ್ನೊಂದೂವರೆಗೆ ಸುಟ್ಟ ವಾಸನೆ. ಒಲೆ ಆರಿ ಮೂರು ತಾಸಾಗಿತ್ತು, ಅಡುಗೆಮನೆ ಗ್ಯಾಸ್ ಬಂದ್, ಕೊಟ್ಟಿಗೇಲಿ ಏನಿಲ್ಲ. ಕೊನೆಗೆ ಬಚ್ಚಲಮನೆ ಮಾಡಿನ ಮೇಲೆ ಹತ್ತಿ ಎರಡು ಹಂಚು ಎತ್ತಿ ನೋಡಿದ್ರೆ, ಸ್ನಾನದ ನೀರು ಕಾಯ್ಸೋ ಕಟ್ಟಿಗೆ ಬಾಯ್ಲರಿನ ಹೊಗೆ ಪೈಪ್ ಪಕ್ಕದ ಪಕಾಸು (ಮಾಡಿನ ಹಂಚು ಹೊರೋ ಓರೆ ಮರ) ಒಳಗಿಂದ ಕೆಂಪಗೆ ಕೆಂಡ ಆಗಿ ಕೂತಿತ್ತು. ಜ್ವಾಲೆ ಇಲ್ಲ, ಚಟಪಟ ಇಲ್ಲ, ಸುಮ್ಮನೆ ಒಳಗೊಳಗೇ ತಿನ್ಕೊಂಡು ಹೋಗ್ತಾ ಇತ್ತು. ಎರಡು ಕೊಡ ನೀರಲ್ಲಿ ಮುಗೀತು, ಪುಣ್ಯ.

ಬೆಳಿಗ್ಗೆ ಬಂದವರೆಲ್ಲ ಮೊದಲು ಹೇಳಿದ್ದು ಶಾರ್ಟ್ ಸರ್ಕ್ಯೂಟ್ ಅಂತ, ಆದ್ರೆ ಆ ಬದಿಗೆ ವಯರೇ ಇಲ್ಲ. ಭಾವ ಮಾತ್ರ ಒಂದೇ ಮಾತು ಹಿಡ್ಕೊಂಡಿದ್ದ, "ಹದಿನೈದ್ ವರ್ಷ ಆತು ಈ ಪೈಪ್ ಹಾಕಿ, ಎಂತೂ ಆಗಿತ್ತಿಲ್ಲೆ." ಅವ ಹೇಳಿದ್ದು ನಿಜವೇ, ಆದ್ರೆ ಉತ್ತರ ಇರೋದೂ ಆ ಹದಿನೈದು ವರ್ಷದಲ್ಲೇ. ಅಲ್ಲಿಂದ ಈಚೆಗೆ ನೆಂಟರು ಇಷ್ಟರು ಒಬ್ಬೊಬ್ಬರೇ ಫೋನ್ ಮಾಡಿ "ನಮ್ಮನೇಲೂ ಹಾಗೇ ಇದ್ಯಲ್ಲ, ಏನ್ಮಾಡೋದು" ಅಂತ ಕೇಳ್ತಿದಾರೆ, ಹಾಗಾಗಿ ಗೊತ್ತಿರೋದನ್ನ ಒಂದ್ಕಡೆ ಬರೆದು ಇಡ್ತಿದೀನಿ.

ಮರ ಉರಿಯೋದು ಅಂದ್ರೆ ಏನು ಉರಿಯೋದು

ಒಲೆಗೆ ಹಾಕಿದ ಕಟ್ಟಿಗೆ ಗಮನ ಕೊಟ್ಟು ನೋಡಿ. ಮೊದಲು ತುದಿಯಿಂದ ನೀರು, ಹಬೆ ಬರ್ತದೆ. ಆಮೇಲೆ ಹೊಗೆ. ಆಮೇಲೆ ಜ್ವಾಲೆ. ಕೊನೆಗೆ ಕೆಂಡ. ಜ್ವಾಲೆ ಇದ್ಯಲ್ಲ, ಅದು ಮರ ಉರಿಯೋದಲ್ಲ, ಮರ ಕಾದು ಅದರಿಂದ ಹೊರಟ ಗ್ಯಾಸ್ ಉರಿಯೋದು. ಮರದ ನೀರು 100 ಡಿಗ್ರಿ ಆಸುಪಾಸಲ್ಲಿ ಹೋಗ್ತದೆ, 200 ದಾಟಿದ್ಮೇಲೆ ಮರವೇ ನಿಧಾನಕ್ಕೆ ಒಡೆದು ಗ್ಯಾಸ್ ಆಗೋಕೆ ಶುರು, 250 ರಿಂದ 300ರ ಹತ್ರ ಬಂದಾಗ ಆ ಗ್ಯಾಸ್ ಹತ್ತಿಕೊಳ್ಳುವಷ್ಟು ಇರ್ತದೆ. ಗ್ಯಾಸ್ ಎಲ್ಲ ಹೋಗಿ ಉಳಿದದ್ದು ಇದ್ದಿಲು, ಅದು ಜ್ವಾಲೆ ಇಲ್ಲದೆ ಕೆಂಡವಾಗಿ ಉರೀತದೆ.

ಹೊಸ ಪಕಾಸಿಗೆ ದಿಢೀರ್ ಬೆಂಕಿ ಹತ್ತಬೇಕಾದ್ರೆ ಆ 250-300 ಡಿಗ್ರಿ ಬೇಕು, ಈ ಲೆಕ್ಕ ಹೆಚ್ಚಿನವರಿಗೆ ಅಂದಾಜಿಗೆ ಗೊತ್ತಿದೆ. ಪೈಪ್ ಹಾಕೋ ಮೇಸ್ತ್ರಿನೂ ಇದೇ ಲೆಕ್ಕದಲ್ಲಿ "ಅಷ್ಟೆಲ್ಲ ಕಾಯೋದಿಲ್ಲ ಬಿಡಿ" ಅಂತಾನೆ. ಹೊಸ ಮರದ ಮಟ್ಟಿಗೆ ಅವನ ಮಾತು ಸುಳ್ಳಲ್ಲ. ತೊಂದರೆ ಏನಂದ್ರೆ ಪೈಪ್ ಪಕ್ಕದ ಮರ ಹೊಸ ಮರವಾಗಿ ಉಳಿಯೋದಿಲ್ಲ.

ಹದಿನೈದು ವರ್ಷ ಯಾಕೆ ಬೇಕಾಯ್ತು

ದಿನಾ ಎರಡು ಹೊತ್ತು ನೀರು ಕಾಯ್ಸಿದಾಗೆಲ್ಲ ಪೈಪಿಗೆ ಅಂಟಿದ ಪಕಾಸು 120, 150 ಡಿಗ್ರಿ ಹೀಗೆ ಕಾಯ್ತದೆ ಅಂದ್ಕೊಳಿ. ಬೆಂಕಿ ಹತ್ತೋದಿಲ್ಲ. ಆದ್ರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಬೇಯ್ತದೆ, ಬಣ್ಣ ಮೊದಲು ಕಂದು, ಆಮೇಲೆ ಕಾಫಿಪುಡಿ ಬಣ್ಣ, ಆಮೇಲೆ ಕಪ್ಪು. ಅಂದ್ರೆ ವರ್ಷಗಟ್ಟಲೆ ಕೂತು ನಿಧಾನಕ್ಕೆ ಇದ್ದಿಲಾಗ್ತಾ ಇರ್ತದೆ. ಇದ್ದಿಲಿಗೂ ಕಟ್ಟಿಗೆಗೂ ಏನು ವ್ಯತ್ಯಾಸ ಅಂತ ಒಲೆ ಹಚ್ಚೋರಿಗೆ ಹೇಳಿಕೊಡಬೇಕಾಗಿಲ್ಲ: ಹಸಿ ಕಟ್ಟಿಗೆಗೆ ಅರ್ಧ ಬಾಟ್ಲಿ ಸೀಮೆಎಣ್ಣೆ ಬೇಕು, ಅರೆಸುಟ್ಟ ಕೊಳ್ಳಿಗೆ ಒಂದು ಕಿಡಿ ಸಾಕು.

ಇದಕ್ಕೆ ಇನ್ನೊಂದು ಸಂಗತಿ ಸೇರ್ತದೆ. ಇದ್ದಿಲಾದ ಮರ ತೂತುತೂತಾಗಿ ಗಾಳಿ ಹೀರ್ಕೊಳ್ತದೆ, ಗಾಳಿ ಸೇರಿದಾಗ ತನ್ನಷ್ಟಕ್ಕೆ ತಾನೇ ಸ್ವಲ್ಪ ಬಿಸಿ ಹುಟ್ಟಿಸ್ತದೆ. ಗೊಬ್ಬರಗುಂಡಿಗೆ ಕೈ ಹಾಕಿದ್ರೆ ಒಳಗೆ ಬಿಸಿ ಇರ್ತದಲ್ಲ, ಅಲ್ಲಿ ಯಾರೂ ಬೆಂಕಿ ಹಾಕಿಲ್ಲ. ಅಥವಾ ಸರಿಯಾಗಿ ಒಣಗದ ಹುಲ್ಲಿನ ಬಣವೆ ಒಳಗೊಳಗೇ ಕಾಯೋದು. ಕಾರಣ ಬೇರೆಬೇರೆ, ಲೆಕ್ಕ ಒಂದೇ: ಒಳಗೆ ಹುಟ್ಟೋ ಬಿಸಿ ಹೊರಗೆ ಹೋಗೋ ಬಿಸಿಗಿಂತ ಜಾಸ್ತಿ ಆದ ದಿನ ಅದು ಏರ್ತಾ ಏರ್ತಾ ಕೆಂಡ ಆಗ್ತದೆ. ಅದಕ್ಕೇ ತೆಳು ರೀಪಿಗಿಂತ ದಪ್ಪ ತೊಲೆ ಹೆಚ್ಚು ಅಪಾಯ, ಗಾಳಿಗೆ ತೆರೆದ ಮರಕ್ಕಿಂತ ಸಿಮೆಂಟ್ ಮೆತ್ತಿ ಮುಚ್ಚಿದ ಮರ ಹೆಚ್ಚು ಅಪಾಯ. ಬಿಸಿಗೆ ಹೊರಗೆ ಹೋಗೋಕೆ ದಾರಿ ಇಲ್ಲ.

ಇದೇನು ಹೊಸ ಸಂಶೋಧನೆ ಅಲ್ಲ. ಲಂಡನ್ನಿನ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದ ಜೇಮ್ಸ್ ಬ್ರೇಡ್‌ವುಡ್ ಅನ್ನೋ ಮನುಷ್ಯ 1846ರಲ್ಲೇ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಸಮಿತಿ ಮುಂದೆ ಇದನ್ನ ಹೇಳಿದ್ದ. ಅಲ್ಲಿ ಚಳಿಗೆ ಕಟ್ಟಡ ಬೆಚ್ಚಗಿಡೋಕೆ ಹಬೆ ಪೈಪು, ಬಿಸಿನೀರಿನ ಪೈಪು ಎಳೆಯೋ ಕಾಲ ಅದು. ಕುದಿಯೋ ನೀರಿಗಿಂತ ಬಹಳ ಹೆಚ್ಚೇನಲ್ಲದ ಬಿಸಿಯೂ ಎಂಟು ಹತ್ತು ವರ್ಷ ಸತತ ತಾಗ್ತಾ ಇದ್ರೆ ಮರ ಕಿಡಿ ಇಲ್ಲದೇ ಹೊತ್ಕೊಳ್ಳೋ ಸ್ಥಿತಿಗೆ ಬರ್ತದೆ ಅಂತ ಅವನ ಅಭಿಪ್ರಾಯ. (1861ರಲ್ಲಿ ಲಂಡನ್ನಿನ ಟೂಲಿ ಸ್ಟ್ರೀಟ್ ಬೆಂಕಿ ಆರಿಸ್ತಾ ಇರೋವಾಗ ಗೋಡೆ ಬಿದ್ದು ಸತ್ತ, ಪಾಪ.) ಬರೀ 100 ಡಿಗ್ರಿಗೇ ಹಾಗಾಗ್ತದಾ ಅನ್ನೋ ವಾದ ತಜ್ಞರಲ್ಲಿ ಇವತ್ತಿಗೂ ಮುಗಿದಿಲ್ಲ. ಆದ್ರೆ ಆ ವಾದ ಮುಗಿಯೋತನಕ ಕಾಯೋ ಬದಲು, ದಿನನಿತ್ಯ ಕಾಯೋ ಮರ 77 ಡಿಗ್ರಿ ದಾಟಬಾರದು ಅಂತ ಒಂದು ಗೆರೆ ಎಳ್ಕೊಂಡಿದಾರೆ. ಈ 77 ನೆನಪಿಟ್ಕೊಳಿ, ಮುಂದೆ ಬೇಕಾಗ್ತದೆ.

ಮುಟ್ಟದೆಯೂ ಬಿಸಿ ಹೇಗೆ ತಲುಪ್ತದೆ

ಮೂರು ದಾರಿ. ಒಂದು, ತಾಗಿ: ಕುದಿಯೋ ಸಾರಿನಲ್ಲಿ ಬಿಟ್ಟ ಸೌಟಿನ ಹಿಡಿ ಸುಡೋ ಹಾಗೆ. ಪೈಪಿಗೆ ಕಟ್ಟಿದ ಕಬ್ಬಿಣದ ಪಟ್ಟಿ, ಆ ಪಟ್ಟಿಗೆ ಹೊಡೆದ ಮೊಳೆ, ಮೊಳೆ ಹೋಗಿ ಕೂತಿದ್ದು ಪಕಾಸಿನ ಹೊಟ್ಟೆಯೊಳಗೆ, ಈ ದಾರೀಲಿ ಬಿಸಿ ಸೀದಾ ಮರದ ಒಳಗೇ ಹೋಗ್ತದೆ. ಎರಡು, ಗಾಳಿ ಮೂಲಕ: ಕಾದ ಗಾಳಿ ಮೇಲೇರ್ತದೆ, ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗ್ಸೋದು ಇದೇ ನಂಬಿಕೆ ಮೇಲೆ.

ಮೂರನೇದು ಕಾವು ಬೀರೋದು, ಇದನ್ನೇ ಜನ ಮರೆಯೋದು. ಚಳಿಗೆ ಒಲೆ ಎದುರು ಕುಕ್ಕರಗಾಲಲ್ಲಿ ಕೂತ್ರೆ ಮುಖ ಸುಡ್ತದೆ, ಬೆನ್ನು ತಣ್ಣಗೇ ಇರ್ತದೆ. ಮಧ್ಯದ ಗಾಳಿ ಕಾದಿರೋದಿಲ್ಲ, ಆದ್ರೂ ಮುಖಕ್ಕೆ ಬಿಸಿ ಬಂತು. ಪೈಪೂ ಹೀಗೇ ಸುತ್ತ ಬೀರ್ತಾ ಇರ್ತದೆ, ಮತ್ತೆ ಇದು ಪೈಪಿನ ಬಿಸಿ ಏರಿದ ಹಾಗೆ ಸಮಸಮ ಏರೋದಲ್ಲ: 150 ಡಿಗ್ರಿ ಇದ್ದ ಪೈಪು 300 ಆದ್ರೆ ಬೀರೋ ಕಾವು ಎರಡುಪಟ್ಟಲ್ಲ, ಮೂರುಪಟ್ಟಿಗೂ ಹೆಚ್ಚು. ದಿನಾ ಇಬ್ಬರ ಸ್ನಾನಕ್ಕೆ ಉರಿಯೋ ಒಲೆ ಮನೇಲಿ ಮದುವೆಯೋ ತಿಥಿಯೋ ಬಂದಾಗ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಒಂದೇ ಸಮ ಉರೀತದಲ್ಲ, ಆ ದಿನವೇ ಕಷ್ಟದ ದಿನ.

ಎಲ್ಲ ಪೈಪೂ ಒಂದೇ ಅಲ್ಲ

ಬಿಸಿ ಪೈಪ್ ಅಂದಕೂಡ್ಲೇ ಸೋಲಾರ್ ಪೈಪಿಗೂ ಹೆದರಬೇಕಾ ಅಂತ ನಮ್ಮ ಅತ್ತೆ ಕೇಳಿದ್ರು. ಇಲ್ಲ ಅತ್ತೆ. ಮನೆ ಸೋಲಾರ್ ಅಥವಾ ಕರೆಂಟಿನ ಗೀಸರಿಂದ ನಲ್ಲಿಗೆ ಬರೋ ನೀರು ಸಾಮಾನ್ಯವಾಗಿ 60-70 ಡಿಗ್ರಿ, ಆ ಪೈಪಿಂದ ಮೈ ಸುಟ್ಕೊಳ್ಬಹುದು, ಮಾಡು ಸುಡೋದಿಲ್ಲ.

ಹೊಗೆ ಪೈಪ್ ಹಾಗಲ್ಲ. ಒಲೆ ಜೋರಾಗಿ ಉರಿಯೋವಾಗ ಒಂಟಿ ತಗಡಿನ (ಒಂದೇ ಪದರದ) ಪೈಪಿನ ಮೈ 200-300 ಡಿಗ್ರಿಗೆ ಆರಾಮಾಗಿ ಹೋಗ್ತದೆ. ಕತ್ತಲಲ್ಲಿ ಪೈಪ್ ಮಸುಕು ಕೆಂಪು ಕಂಡ್ರೆ ಅದು 500 ಡಿಗ್ರಿ ದಾಟಿದೆ ಅಂತ ಅರ್ಥ, ತಕ್ಷಣ ಕಟ್ಟಿಗೆ ಹಿಂದೆ ಎಳೀರಿ.

ಇವೆರಡರ ಮಧ್ಯೆ ಇರೋದು ಹಬೆ ಪೈಪ್. ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಗೇರುಬೀಜದ ಕಾರ್ಖಾನೆ ನೋಡಿದವರಿಗೆ ಗೊತ್ತು, ಬೀಜ ಬೇಯ್ಸೋಕೆ ಬಾಯ್ಲರಿಂದ ಹಬೆ ಬರ್ತದೆ. ತೆರೆದ ಪಾತ್ರೆಯ ಹಬೆ 100 ಡಿಗ್ರಿ, ಆದ್ರೆ ಒತ್ತಡದಲ್ಲಿರೋ ಹಬೆ ಅದಕ್ಕಿಂತ ಬಿಸಿ, ಒತ್ತಡದ ಮೀಟರಿನ ಮುಳ್ಳು 7 ಕೆ.ಜಿ. (ಒಂದು ಚದರ ಸೆಂಟಿಮೀಟರಿಗೆ) ತೋರಿಸ್ತಿದ್ರೆ ಒಳಗೆ ಸುಮಾರು 170 ಡಿಗ್ರಿ. ಮನೆ ಕುಕ್ಕರಿನ ಕಥೆಯೇ, ದೊಡ್ಡದಾಗಿ. ಅಲ್ಲಿನ ಇನ್ನೊಂದು ತಾಪತ್ರಯ ಗೇರು ಸಿಪ್ಪೆ ಎಣ್ಣೆ. ಪೈಪಿಗೆ ಸುತ್ತಿದ ಹೊದಿಕೆಗೆ ಎಣ್ಣೆ ಇಳಿದು ನೆಂದ್ರೆ, ಆ ಎಣ್ಣೆ ತಟ್ಟೇಲಿ ಇದ್ದಾಗ ಹತ್ತಿಕೊಳ್ಳೋ ಡಿಗ್ರಿಗಿಂತ ಎಷ್ಟೋ ಕಡಿಮೆಯಲ್ಲೇ ಒಳಗೊಳಗೆ ಕಾದು ಹೊತ್ಕೊಳ್ಬಹುದು. ಎಣ್ಣೆ ಹಿಡಿದ ಹೊದಿಕೆಯನ್ನ ಒರೆಸಿ ಪ್ರಯೋಜನ ಇಲ್ಲ, ಕಿತ್ತು ಹೊಸದು ಹಾಕಬೇಕು.

ಹಾಗಾದ್ರೆ ಎಷ್ಟು ದೂರ ಬೇಕು

ಕಟ್ಟಿಗೆ ಒಲೆ ಎಷ್ಟೋ ಮನೇಲಿ ಇರೋ ಅಮೆರಿಕದಲ್ಲಿ ಇದಕ್ಕೆ ಬರೆದಿಟ್ಟ ನಿಯಮ ಇದೆ: ಒಂಟಿ ತಗಡಿನ ಹೊಗೆ ಪೈಪಿಗೂ ಉರಿಯೋ ಯಾವುದೇ ವಸ್ತುವಿಗೂ ಮಧ್ಯೆ 18 ಇಂಚು, ಅಂದ್ರೆ ಒಂದೂವರೆ ಅಡಿ. ನಮ್ಮಲ್ಲಿ ಎಷ್ಟಿರ್ತದೆ? ಭಾವನ ಮನೇಲಿ ಅಳೆದ್ರೆ ಅರ್ಧ ಇಂಚು, ಅದೂ ಸಿಮೆಂಟ್ ತುಂಬಿದ್ದು. ಮಳೆ ನೀರು ಸೋರಬಾರದು ಅಂತ ಪೈಪ್ ಮತ್ತೆ ಪಕಾಸು ಮಧ್ಯೆ ಸಿಮೆಂಟ್ ಗಿಡಿದಿದ್ರು. ಸಿಮೆಂಟ್ ಉರಿಯೋದಿಲ್ಲ ನಿಜ, ಆದ್ರೆ ಬಿಸಿ ದಾಟಿಸ್ತದೆ, ಅರ್ಧ ಇಂಚು ಸಿಮೆಂಟ್ ಬಿಸಿಗೆ ತಡೆಯೇ ಅಲ್ಲ. ನನ್ನ ಕೇಳಿದ್ರೆ ನಮ್ಮ ಕಡೆ ಹೆಚ್ಚು ಮನೆಗಳಲ್ಲಿರೋ ದೊಡ್ಡ ತಪ್ಪು ಇದೊಂದೇ.

ಮರಕ್ಕೆ ತಗಡು ಹೊಡೆದ್ರೆ ಆಯ್ತಲ್ಲ ಅಂತಾರೆ. ಮರಕ್ಕೆ ಅಂಟಿಸಿ ಹೊಡೆದ ತಗಡು ತಾನೂ ಕಾದು ಮರಕ್ಕೂ ಕೊಡ್ತದೆ, ಜೊತೆಗೆ ಮರ ಕಪ್ಪಾಗೋದು ಕಣ್ಣಿಗೆ ಕಾಣದ ಹಾಗೆ ಮುಚ್ಚಿಬಿಡ್ತದೆ. ಅದೇ ತಗಡನ್ನ ಮರದಿಂದ ಒಂದು ಇಂಚು ಈಚೆ ನಿಲ್ಸಿ, ಕೆಳಗೆ ಮೇಲೆ ಎರಡೂ ಕಡೆ ತೆರೆದಿಟ್ರೆ ಕಥೆ ಬೇರೆ. ಕೆಳಗಿಂದ ತಣ್ಣನೆ ಗಾಳಿ ಬಂದು ಮೇಲಿಂದ ಬಿಸಿಯಾಗಿ ಹೋಗ್ತಾ ತಗಡನ್ನ ತಣಿಸ್ತಾ ಇರ್ತದೆ. ಹೀಗೆ ಸರಿಯಾಗಿ ಮಾಡಿದ ಅಡ್ಡತಗಡು ಇದ್ರೆ 18 ಇಂಚಿನ ಜಾಗ 6 ಇಂಚಿಗೆ ಇಳಿಸೋಕೆ ಅದೇ ನಿಯಮದಲ್ಲಿ ಅವಕಾಶ ಇದೆ. ಒಂದು ಇಂಚು ಬರೀ ಗಾಳಿ ಒಂದು ಅಡಿ ಜಾಗ ಉಳಿಸ್ತದೆ ಅಂತಾಯ್ತು. ತಗಡು ನಿಲ್ಸೋಕೆ ಮರದ ತುಂಡು ಕೊಡಬೇಡಿ, ಕಬ್ಬಿಣದ ಬುಶ್ (ಸಣ್ಣ ಕೊಳವೆ ತುಂಡು) ಕೊಡಿ, ಮತ್ತೆ ಮೊಳೆ ಪೈಪಿನ ನೇರಕ್ಕೆ ಬರದೇ ಬದಿಗಿರಲಿ.

ಮಾಡು ದಾಟೋ ಜಾಗದಲ್ಲಿ ಏನ್ಮಾಡೋದು? ಒಂಟಿ ತಗಡಿನ ಪೈಪನ್ನ ಅಟ್ಟದೊಳಗೆ, ಮುಚ್ಚಿದ ಮಾಳಿಗೆಯೊಳಗೆ ಹಾಯ್ಸಲೇಬಾರದು, ಅಲ್ಲಿ ಏನಾಗ್ತಿದೆ ಅಂತ ಯಾರೂ ನೋಡೋದಿಲ್ಲ, ಮೇಲಿಂದ ಅಟ್ಟ ಅಂದ್ರೆ ಹಳೇ ಗೋಣಿಚೀಲ, ಹಾಳೆ, ಮುರಿದ ತೊಟ್ಟಿಲು ಎಲ್ಲ ಅಲ್ಲೇ. ನಮ್ಮ ಕಡೆಗೆ ಸುಲಭದ ದಾರಿ ಅಂದ್ರೆ ಪೈಪನ್ನ ಚಿರೇಕಲ್ಲಿನ ಗೋಡೆಯಲ್ಲಿ ಹೊರಗೆ ತೆಗೆದು, ಮಾಡಿನ ಅಂಚಿನಿಂದ ದೂರ ಮೇಲೆ ಹೋಗೋ ಹಾಗೆ ಮಾಡೋದು. ತೂತು ಹೊಡೆಯೋ ಮೊದಲು ಆ ಜಾಗದಲ್ಲಿ ತೊಲೆ ತುದಿ, ಬಾಗಿಲ ದಾರಂದ ಗೋಡೆ ಒಳಗೆ ಹೂತಿಲ್ಲ ಅಂತ ನೋಡ್ಕೊಳಿ. ಮಾಡಿನ ಮಧ್ಯದಿಂದಲೇ ಹೋಗಬೇಕಾದ್ರೆ ಪಕಾಸು ಕತ್ತರಿಸಿ ಅಡ್ಡ ತುಂಡು ಕೊಟ್ಟು ಸುತ್ತ ಜಾಗ ಬಿಡಿಸಿ, ತೆರವಾದ ಕಡೆ ತಗಡಿನ ಕೊರಳಪಟ್ಟಿ ಹಾಕಿ. ಇದು ಬಡಗಿ ಕೆಲಸ, ಪೈಪಿನವನ ಕೆಲಸ ಅಲ್ಲ, ಹಾಗಾಗೇ ಇಬ್ಬರೂ ಮಾಡೋದಿಲ್ಲ.

ಸಿಮೆಂಟ್ ಪೈಪು, ಅಂದ್ರೆ ಆಸ್ಬೆಸ್ಟಾಸ್ ಪೈಪು, ಒಲೆಗೆ ಹಾಕಿದ ಮನೆ ಬೇಕಾದಷ್ಟಿವೆ. ಜೋರು ಬಿಸಿಗೆ ಅದು ಬಿರುಕು ಬಿಡ್ತದೆ, ಕೆಲವು ಸಲ ಸಿಡೀತದೆ, ಬಿರುಕಿನಿಂದ ಕಿಡಿ ಹೊರಗೆ. ತೆಗೆಯೋವಾಗ ಗರಗಸ ಹಾಕಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಪೈಪಿನ ಒಳಗೇ ಬೆಂಕಿ

ಇಷ್ಟೆಲ್ಲ ಲೆಕ್ಕ ಪೈಪ್ ಚೊಕ್ಕ ಇದ್ದಾಗಿನದು. ಹಸಿ ಕಟ್ಟಿಗೆ ಹಾಕಿ ಬೆಂಕಿ ಸಣ್ಣ ಮಾಡಿ ಹೊಗೆಯಾಡ್ಸಿದ್ರೆ, ಆ ಹೊಗೆ ತಣ್ಣನೆ ಪೈಪಿನ ಗೋಡೆಗೆ ತಾಗಿ ಟಾರಿನ ಹಾಗೆ ಅಂಟ್ತದೆ. ಒಣಗಿದ್ಮೇಲೆ ಹೊಳೆಯೋ ಕಪ್ಪು ಪದರ. ಇದು ಬರೀ ಮಸಿ ಅಲ್ಲ, ಉರುವಲು. ಆಷಾಢದ ಕಟ್ಟಿಗೆ ಹೇಗಿರ್ತದೆ ಗೊತ್ತಲ್ಲ, ಮೂರು ತಿಂಗಳಲ್ಲಿ ಪದರ ಕಟ್ಟಿ, ಮಳೆ ಮುಗಿದು ಸುಗ್ಗಿ ಶುರುವಾದಾಗ ಅಡಿಕೆ ಬೇಯ್ಸೋಕೆ ಒಣ ಕಟ್ಟಿಗೆ ಒಟ್ಟಿ ಜೋರು ಬೆಂಕಿ ಹಾಕಿದ ದಿನ ಅದು ಒಮ್ಮೆಲೇ ಹತ್ಕೊಳ್ತದೆ. ಆಗ ಪೈಪ್ ಒಳಗೆ 1000 ಡಿಗ್ರಿ ಮುಟ್ಬಹುದು, ರೈಲು ಹೋದ ಹಾಗೆ ಗುಂಯ್ ಅಂತ ಸದ್ದು ಬರ್ತದೆ, ಮೇಲಿಂದ ಕಿಡಿ ಹಾರ್ತದೆ. ಪಕ್ಕದಲ್ಲಿ ಹತ್ತು ವರ್ಷದಿಂದ ಇದ್ದಿಲಾಗ್ತಾ ಕೂತ ಪಕಾಸು ಇದ್ರೆ ಮುಂದಿನದು ಹೇಳೋದೇ ಬೇಡ.

ಪದರ 3 ಮಿಲಿಮೀಟರ್ ದಪ್ಪ ಆದ್ರೆ ಉಜ್ಜಿ ತೆಗೆಯೋ ಹೊತ್ತಾಯ್ತು. ವರ್ಷಕ್ಕೆ ಒಂದ್ಸಲವಂತೂ ಬೇಕೇ ಬೇಕು, ನಮ್ಮ ಹವಾಮಾನಕ್ಕೆ ದೀಪಾವಳಿ ಹೊತ್ತಿಗೆ, ಅಡಿಕೆ ಕೊಯ್ಲಿಗೆ ಮೊದಲು, ಮಾಡಿದ್ರೆ ಸರಿ. ಹೊರಗೆ ಹಾಯ್ಸಿದ ಪೈಪ್ ಬೇಗ ತಣ್ಣಗಾಗೋದ್ರಿಂದ ಅದಕ್ಕೆ ಮಸಿ ಹೆಚ್ಚು ಕಟ್ತದೆ, ಅದೂ ಲೆಕ್ಕದಲ್ಲಿರಲಿ. ಕಾರವಾರ, ಭಟ್ಕಳದ ಬದಿಯವರಿಗೆ ಮಸಿ ಜೊತೆ ಇನ್ನೊಂದು ಶತ್ರು ಉಪ್ಪುಗಾಳಿ. ಘಟ್ಟದ ಮೇಲೆ ವರ್ಷಗಟ್ಟಲೆ ಬಾಳಿಕೆ ಬರೋ ಕಬ್ಬಿಣದ ಪೈಪು ಕಡಲ ಬದೀಲಿ ಬೇಗ ತುಕ್ಕು ತಿಂದು ಜರಡಿ ಆಗ್ತದೆ, ಅದೂ ಹಂಚಿನ ಕೆಳಗೆ ಕಣ್ಣಿಗೆ ಬೀಳದ ಜಾಗದಲ್ಲೇ.

ಅಡಿಕೆ ಡ್ರೈಯರ್ ಇದ್ದವರಿಗೆ

ಕಟ್ಟಿಗೆ ಡ್ರೈಯರಿನಲ್ಲಿ ಹೊಗೆ ಹೋಗೋ ದೊಡ್ಡ ಪೈಪು ಅಡಿಕೆ ಹರಡಿದ ತಟ್ಟೆಗಳ ಕೆಳಗೇ ಹಾಯ್ತದೆ, ಅದರ ಬಿಸಿಗೇ ಗಾಳಿ ಕಾದು ಮೇಲೇರೋದು. ಮೇಲಿಂದ ಸಿಪ್ಪೆ ನಾರು, ಧೂಳು ಉದುರಿ ಪೈಪಿನ ಮೇಲೆ ಕೂತ್ಕೊಳ್ತದೆ. ಒಂದು ಪದರ ಕೂತ್ರೆ ಏನೂ ಆಗೋದಿಲ್ಲ. ದಪ್ಪ ಕೂತ್ರೆ ಅದು ಕಂಬಳಿ ಹೊದ್ದ ಹಾಗೆ, ಅಡಿಗಿರೋ ಪದರ ಕಾದು ಕೆಂಡ ಆಗ್ತದೆ, ಫ್ಯಾನ್ ಇದ್ರೆ ಕೆಂಡಕ್ಕೆ ತಿದಿ ಊದಿದ ಹಾಗೆ. ಪ್ರತಿ ಸಲ ಅಡಿಕೆ ತೆಗೆದ್ಮೇಲೆ, ತಣಿದ ಮೇಲೆ, ಕೆಳಗಿನ ಬಾಗಿಲು ತೆಗೆದು ಗುಡಿಸೋದು ಐದು ನಿಮಿಷದ ಕೆಲಸ. ತಟ್ಟೆ ಇಡೋ ಚೌಕಟ್ಟು ಮರದ್ದಾಗಿದ್ರೆ ಕೆಳಗಿನ ಒಂದು ಸಾಲನ್ನಾದ್ರೂ ಕಬ್ಬಿಣಕ್ಕೆ ಬದಲಿಸಿ. ಸೋಗೆ, ದರಕು (ಒಣ ಎಲೆ), ಕಾಯಿಸಿಪ್ಪೆ ರಾಶಿ ಡ್ರೈಯರಿನ ಬೆನ್ನಿಗೇ ಒಟ್ಟೋ ಅಭ್ಯಾಸವೂ ಬೇಡ, ಒಲೆ ಬಾಯಿಗೆ ಹತ್ರ ಇದ್ರೆ ಕೈಗೆ ಸಿಗ್ತದೆ ಅನ್ನೋದು ಸರಿ, ಕಿಡಿಗೂ ಸಿಗ್ತದೆ.

ನಿಮ್ಮನೇಲಿ ಪರೀಕ್ಷೆ ಮಾಡೋದು ಹೇಗೆ

ಒಲೆ ಹೆಚ್ಚು ಹೊತ್ತು ಉರಿದ ದಿನ, ಉರಿ ಜೋರಿರೋವಾಗಲೇ, ಪೈಪಿಗೆ ಹತ್ರದ ಮರಕ್ಕೆ ಕೈ ತಾಗ್ಸಿ ನೋಡಿ. ಪೈಪಿಗಲ್ಲ, ಮರಕ್ಕೆ. ಐದು ಎಣಿಸೋದರೊಳಗೆ ಕೈ ತೆಗೀಬೇಕು ಅನ್ಸಿದ್ರೆ ಅದು 60 ದಾಟಿರಬಹುದು, ನಮ್ಮ 77ರ ಗೆರೆ ದೂರ ಇಲ್ಲ. ಸರಿಯಾಗಿ ಅಳೀಬೇಕು ಅಂದ್ರೆ ಗ್ಯಾರೇಜಿನವರು ಇಟ್ಕೊಳ್ಳೋ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತಂದು ಮರಕ್ಕೆ ಹಿಡೀರಿ. ಕೊರೋನಾ ಟೈಮಲ್ಲಿ ಹಣೆಗೆ ಹಿಡೀತಿದ್ದದ್ದು ನಡೆಯೋದಿಲ್ಲ, ಅದು ಜ್ವರದ ಲೆಕ್ಕಕ್ಕೇ ನಿಲ್ತದೆ. ಹೊಳೆಯೋ ತಗಡಿಗೆ ಹಿಡಿದ್ರೂ ಅದು ನಿಜಕ್ಕಿಂತ ಕಡಿಮೆ ತೋರಿಸ್ತದೆ, ಮೋಸ ಹೋಗಬೇಡಿ.

ಆಮೇಲೆ ಬಣ್ಣ. ಪೈಪಿನ ಬದಿಯ ಮರ ಉಳಿದದ್ದಕ್ಕಿಂತ ಗಾಢ ಇದ್ಯಾ? ಹೊಗೆಯ ಮಸಿ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗ್ತದೆ, ಒಳಗೇ ಕಪ್ಪಾಗಿದ್ರೆ ಹೋಗೋದಿಲ್ಲ. ಚೂರಿಯಿಂದ ಕೆರೆದು ನೋಡಿ, ಮರದ ಬದಲು ಇದ್ದಿಲು ಉದುರಿದ್ರೆ ಆ ತುಂಡು ಬದಲಿಸ್ಲೇಬೇಕು, ಪೈಪ್ ದೂರ ಮಾಡಿ ಅದೇ ಪಕಾಸು ಇಟ್ಕೊಳ್ಳೋದು ಅರ್ಧ ಕೆಲಸ.

ಹೊತ್ಕೊಂಡೇ ಬಿಟ್ರೆ

ಪೈಪ್ ಒಳಗೆ ಗುಂಯ್ ಅಂತ ಉರಿಯೋಕೆ ಶುರುವಾದ್ರೆ ಒಲೆ ಬಾಯಿಗೆ ತಗಡು ಮುಚ್ಚಿ ಗಾಳಿ ನಿಲ್ಸಿ, ಮನೆಯವರನ್ನೆಲ್ಲ ಅಂಗಳಕ್ಕೆ ಕಳಿಸಿ, 112 ಅಥವಾ 101ಕ್ಕೆ ಫೋನ್ ಮಾಡಿ. ಕಾದ ಪೈಪಿನ ಒಳಗೆ ಮೇಲಿಂದ ನೀರು ಸುರೀಬೇಡಿ, ಒಮ್ಮೆಲೇ ಹಬೆಯಾಗಿ ಮುಖಕ್ಕೆ ಬರ್ತದೆ, ಪೈಪೂ ಒಡೆಯಬಹುದು. ನೀರು ಬೇಕಾಗಿರೋದು ಸುತ್ತಲಿನ ಮರಕ್ಕೆ. ಶಿರಸಿಯಿಂದ ಅಗ್ನಿಶಾಮಕ ಗಾಡಿ ಒಳಗಿನ ಹಳ್ಳಿಗೆ, ಅದೂ ಮಳೆಗಾಲದ ರಸ್ತೇಲಿ, ಬರೋಕೆ ಹೊತ್ತು ಬೇಕೇ ಬೇಕು, ಹಾಗಾಗಿ ಬಚ್ಚಲ ಹೊರಗೆ ಏಣಿ ಒಂದು, ತೋಟಕ್ಕೆ ಬಿಡೋ ಪೈಪ್ ಒಂದು ಕೈಗೆ ಸಿಗೋ ಹಾಗೆ ಇರಲಿ.

ಕೆಂಡವಾದ ಮರಕ್ಕೆ ಮೇಲಿಂದ ನೀರು ಹೊಡೆದು ಹೊಗೆ ನಿಂತ್ರೆ ಮುಗೀಲಿಲ್ಲ. ರಾತ್ರಿ ಒಲೇಲಿ ಬೂದಿ ಮುಚ್ಚಿಟ್ಟ ಕೆಂಡ ಬೆಳಿಗ್ಗೆ ಊದಿದ್ರೆ ಹತ್ಕೊಳ್ತದಲ್ಲ, ಮರದ ಹೊಟ್ಟೇಲೂ ಹಾಗೇ ಉಳ್ಕೊಂಡಿರ್ತದೆ. ಆ ಭಾಗ ಕಡಿದು ತೆಗೆದು ಅಂಗಳದಲ್ಲಿ ನೀರಲ್ಲಿ ಮುಳುಗ್ಸಬೇಕು. ನಾವು ಅವತ್ತು ರಾತ್ರಿ ಹಾಗೆ ಮಾಡದೇ ಮಲಗೋಕೆ ಹೊರಟಿದ್ವಿ, ಅತ್ತೆಯೇ ಬಿಡ್ಲಿಲ್ಲ. ಕಡಿದು ನೋಡಿದ್ರೆ ಪಕಾಸಿನ ಒಳಗೆ, ನಾವು ನೀರು ಹೊಡೆದ ಜಾಗದಿಂದ ಒಂದು ಮೊಳ ಮೇಲೆ, ಇನ್ನೂ ಕೆಂಪಗಿತ್ತು.